ಮೂರನೇ ಬೇಸಿನಲ್ಲಿ ನಿಂತವನ ತಪ್ಪೆಷ್ಟು?

ಸೋಲಾದ ದಿನ ಸಂಜೆ ನಾವು ಮಾಡುವ ಮೊದಲ ಕೆಲಸ ಒಬ್ಬ ಮನುಷ್ಯನನ್ನು ಹುಡುಕುವುದು. ಪಂಚಾಯ್ತಿ ಎಲೆಕ್ಷನ್ ಸೋತರೂ ಅಷ್ಟೆ, ಧರಣಿ ಮುರಿದುಬಿದ್ದರೂ ಅಷ್ಟೆ, ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್ ಕೈ ತಪ್ಪಿದರೂ ಅಷ್ಟೆ. 'ಅವನೊಬ್ಬ ನೆಟ್ಟಗಿದ್ದಿದ್ರೆ...' ಅಂತ ಯಾರೋ ಒಬ್ಬರು ಮಾತು ತೆಗೆಯುತ್ತಾರೆ. ಕೂತವರೆಲ್ಲ ಹೌದು ಹೌದು ಅನ್ನುತ್ತಾರೆ. ಎಲ್ಲರ ಎದೆ ಮೇಲಿದ್ದ ಕಲ್ಲು ಆ ಒಬ್ಬನ ತಲೆ ಮೇಲೆ ಹೋಗಿ ಕೂರುತ್ತದೆ. ಇದು ನ್ಯಾಯವೆ? ಬಹಳ ಜನರ ಸೋಲಿನಲ್ಲಿ ಒಬ್ಬನ ತಪ್ಪಿನ ಪಾಲು ಎಷ್ಟು ಅಂತ ಅಳೆಯುವುದು ಹೇಗೆ?

ಈ ಪ್ರಶ್ನೆಯನ್ನು ನಮ್ಮ ಊರಿನ ಜಗಳವೊಂದನ್ನು ಇಟ್ಟುಕೊಂಡೇ ಕೇಳಬಹುದಿತ್ತು. ಆದರೆ ನಮ್ಮ ಒಲೆಯ ಹೊಗೆ ನಮ್ಮ ಕಣ್ಣಿಗೇ ತುಂಬಿಕೊಳ್ಳುತ್ತದೆ. ಅವನು ಯಾರ ಕಡೆಯವನು, ಇವನು ಯಾವ ಬಣದವನು ಅನ್ನುವ ಲೆಕ್ಕ ನಡುವೆ ಬಂದುಬಿಡುತ್ತದೆ. ಅದಕ್ಕೇ ನಮಗೆ ನೆಂಟಸ್ತಿಕೆ ಇಲ್ಲದ, ನಮ್ಮವರು ಯಾರೂ ಆಡದ ಒಂದು ಆಟವನ್ನು ಎತ್ತಿಕೊಂಡಿದ್ದೇವೆ. ಅಮೆರಿಕದ ಬೇಸ್‌ಬಾಲ್ ಆಟ. 1991ರ ಅಕ್ಟೋಬರ್ 27ರ ರಾತ್ರಿ ಮಿನಿಯಾಪೊಲಿಸ್ ನಗರದಲ್ಲಿ ನಡೆದ 'ವರ್ಲ್ಡ್ ಸೀರೀಸ್' ಸರಣಿಯ ಏಳನೆಯ, ಕೊನೆಯ ಪಂದ್ಯ. ಆಗ ನಾವು ಹುಟ್ಟಿರಲಿಲ್ಲ. ಹಾಸ್ಟೆಲಿನಲ್ಲಿ ಗೆಳೆಯನೊಬ್ಬನ ಮೊಬೈಲಿನಲ್ಲಿ ಅದರ ಹಳೆಯ ಚಿತ್ರ ಕಂಡಿತು. ಆರು ತಲೆ ಒಂದು ಅಂಗೈಯಗಲದ ಗಾಜಿನ ಮೇಲೆ ಬಗ್ಗಿ, ಆಟದ ಕಾನೂನು ಗೊತ್ತಿಲ್ಲದೆಯೇ ನೋಡಿದೆವು. ಆಮೇಲೆ ಕಾನೂನು ಕಲಿತು ಮತ್ತೆ ನೋಡಿದೆವು.

ಅಮೆರಿಕದ ಕಡೆ ನೋಡುವುದು ನಮ್ಮವರಿಗೆ ಹೊಸದಲ್ಲ. ಜೋತಿಬಾ ಫುಲೆ ಅವರು 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಕರಿಯರ ಗುಲಾಮಗಿರಿಯನ್ನು ಕಿತ್ತುಹಾಕಲು ನಿಂತ ಅಮೆರಿಕದ ಜನರಿಗೆ. 1972ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡಾಗ ಆ ಹೆಸರು ಬಂದದ್ದೂ ಅಲ್ಲಿನ ಕಪ್ಪು ಚಿರತೆಗಳಿಂದಲೇ. ಅಲ್ಲಿನ ನೋವನ್ನು ನೋಡಿದವರು ಅಲ್ಲಿನ ಆಟವನ್ನೂ ಒಮ್ಮೆ ನೋಡಿದರೆ ತಪ್ಪೇನಿಲ್ಲ.

ಮೊದಲು ಆಟ ಏನೆಂದು ಹೇಳಬೇಕು. ಕ್ರಿಕೆಟ್ಟಿನಂತೆ ಇಲ್ಲೂ ಒಬ್ಬ ಎಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ. ಎಸೆಯುವವನು ಪಿಚರ್. ಅರವತ್ತು ಅಡಿಗಿಂತ ಸ್ವಲ್ಪ ದೂರದ ಒಂದು ಸಣ್ಣ ದಿಬ್ಬದ ಮೇಲೆ ನಿಂತು, ಚೆಂಡು ನೆಲಕ್ಕೆ ಪುಟಿಯದ ಹಾಗೆ ಎಸೆಯುತ್ತಾನೆ. ಹೊಡೆದವನು ಓಡಬೇಕು. ಓಡುವುದು ನಮ್ಮ ಚೌಕಾಬಾರದ ಕಾಯಿಯ ಹಾಗೆ. ತೊಂಬತ್ತು ತೊಂಬತ್ತು ಅಡಿಗೆ ಒಂದೊಂದು ಬೇಸ್. ಮೊದಲನೆಯದು, ಎರಡನೆಯದು, ಮೂರನೆಯದು ಸುತ್ತಿಕೊಂಡು ಹೊರಟ ಜಾಗಕ್ಕೇ ಬಂದು ಮುಟ್ಟಿದರೆ ಒಂದು ರನ್. ಆ ಜಾಗದ ಹೆಸರೇ ಹೋಂ, ಅಂದರೆ ಮನೆ. ಒಂದೇ ಹೊಡೆತಕ್ಕೆ ಸುತ್ತು ಮುಗಿಸುವುದು ಅಪರೂಪ. ಒಬ್ಬ ಹೊಡೆದು ಮೊದಲ ಬೇಸಿನಲ್ಲಿ ನಿಲ್ಲುತ್ತಾನೆ. ಹಿಂದೆ ಬಂದವನು ಹೊಡೆದರೆ ಇವನು ಮುಂದಕ್ಕೆ ಹೋಗುತ್ತಾನೆ. ಹಿಂದಿನವರು ಹೊಡೆಯದೇ ಹೋದರೆ ನಿಂತಲ್ಲೇ ನಿಲ್ಲುತ್ತಾನೆ. ಮೂರು ಜನ ಔಟಾದರೆ ಆ ಪಾಳಿ ಮುಗಿಯಿತು, ನಡುವೆ ನಿಂತವರೆಲ್ಲ ಬರಿಗೈಲಿ ವಾಪಸು. ಹಾಗೆ ಎರಡೂ ಕಡೆಯವರಿಗೆ ಒಂಬತ್ತೊಂಬತ್ತು ಪಾಳಿ. ಈ ಆಟದಲ್ಲಿ ಯಾರೂ ತಾನಾಗಿಯೇ ಮನೆ ಸೇರುವುದು ಕಡಮೆ, ಹಿಂದೆ ಬರುವವನ ಕೈಯಲ್ಲಿ ಮುಂದೆ ನಿಂತವನ ದಾರಿ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ರಾತ್ರಿ ಆಡಿದ್ದು ಮಿನ್ನೆಸೋಟಾ ಟ್ವಿನ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್. ಹಿಂದಿನ ವರ್ಷ, 1990ರಲ್ಲಿ, ಎರಡೂ ತಂಡಗಳು ತಮ್ಮ ತಮ್ಮ ವಿಭಾಗದಲ್ಲಿ ಕಟ್ಟಕಡೆಗಿದ್ದವು. ಕಡೆಯಲ್ಲಿದ್ದವರು ಒಂದೇ ವರ್ಷದಲ್ಲಿ ಮೊದಲಾಗಿ ಎದುರುಬದುರು ನಿಂತಿದ್ದರು. ಆರು ಪಂದ್ಯ ಆಗಿ ಮೂರು ಮೂರು ಸಮ. ಗಾಳಿ ತುಂಬಿ ಎತ್ತಿ ನಿಲ್ಲಿಸಿದ್ದ ಬಿಳಿ ಚಾವಣಿಯ ಮೆಟ್ರೋಡೋಮ್ ಕ್ರೀಡಾಂಗಣದಲ್ಲಿ ಐವತ್ತೈದು ಸಾವಿರ ಜನ. ಟ್ವಿನ್ಸ್ ಕಡೆ ಪಿಚರ್ ಜ್ಯಾಕ್ ಮಾರಿಸ್, ಮೂವತ್ತಾರು ವರ್ಷದ ಅನುಭವಸ್ಥ, ಪಕ್ಕದ ಸೇಂಟ್ ಪಾಲ್‌ನಲ್ಲೇ ಹುಟ್ಟಿದವನು. ಬ್ರೇವ್ಸ್ ಕಡೆ ಜಾನ್ ಸ್ಮೋಲ್ಟ್ಸ್, ಇಪ್ಪತ್ನಾಲ್ಕರ ಹುಡುಗ, ಚಿಕ್ಕಂದಿನಲ್ಲಿ ಇದೇ ಮಾರಿಸ್‌ನನ್ನು ನೋಡಿ ಮೆಚ್ಚಿ ಬೆಳೆದವನು. ಬ್ರೇವ್ಸ್ ಪರವಾಗಿ ಮೊದಲು ಹೊಡೆಯಲು ಬಂದವನು ಲಾನಿ ಸ್ಮಿತ್, ಕರಿಯ. ಬಂದವನೇ ಟ್ವಿನ್ಸ್‌ನ ಕ್ಯಾಚರ್ ಬ್ರಯಾನ್ ಹಾರ್ಪರ್‌ನ ಕೈ ಕುಲುಕಿದ. ಆ ಮೇಲೆ ಆಟ ಶುರುವಾಯಿತು.

ಇಬ್ಬರು ಪಿಚರುಗಳೂ ಯಾರನ್ನೂ ಮನೆ ಸೇರಲು ಬಿಡಲಿಲ್ಲ. ಐದನೇ ಪಾಳಿಯಲ್ಲಿ ಬ್ರೇವ್ಸ್‌ಗೆ ಅವಕಾಶ ಬಂತು. ಮಾರ್ಕ್ ಲೆಮ್ಕಿ ಮೂರನೇ ಬೇಸಿನಲ್ಲಿ, ಸ್ಮಿತ್ ಮೊದಲನೇ ಬೇಸಿನಲ್ಲಿ. ಔಟಾಗಿದ್ದವನು ಒಬ್ಬನೇ. ಹಿಂದೆ ಬಂದ ಟೆರ್ರಿ ಪೆಂಡಲ್ಟನ್ ಮತ್ತು ರಾನ್ ಗ್ಯಾಂಟ್ ಇಬ್ಬರೂ ಔಟಾದರು. ಇಬ್ಬರೂ ಸಾಮಾನ್ಯರಲ್ಲ. ಪೆಂಡಲ್ಟನ್ ಆ ವರ್ಷ ತನ್ನ ಲೀಗಿನ ಅತ್ಯುತ್ತಮ ಆಟಗಾರ ಅಂತ ಪ್ರಶಸ್ತಿ ಪಡೆದವನು. ಗ್ಯಾಂಟ್ ಆ ವರ್ಷ ಮೂವತ್ತಕ್ಕೂ ಹೆಚ್ಚು ಹೋಂ ರನ್ ಹೊಡೆದವನು. ಈ ಐದನೇ ಪಾಳಿಯ ಸುದ್ದಿ ಇವತ್ತು ಯಾರ ಬಾಯಲ್ಲೂ ಇಲ್ಲ.

ಎಲ್ಲರ ಬಾಯಲ್ಲಿರುವುದು ಎಂಟನೇ ಪಾಳಿ. ಸ್ಮಿತ್ ಹೊಡೆದು ಮೊದಲ ಬೇಸಿಗೆ ಬಂದ. ಪೆಂಡಲ್ಟನ್ ಹೊಡೆಯಲು ನಿಂತ. ಮಾರಿಸ್ ಚೆಂಡು ಬಿಡುವ ಮೊದಲೇ ಸ್ಮಿತ್ ಎರಡನೇ ಬೇಸಿನ ಕಡೆ ಓಟ ಕಿತ್ತ. ಪೆಂಡಲ್ಟನ್ ಬೀಸಿ ಹೊಡೆದ ಚೆಂಡು ಎಡ ಮತ್ತು ನಡು ಮೈದಾನದ ಸಂದಿಯಲ್ಲಿ ಗೋಡೆಯವರೆಗೂ ಹೋಯಿತು. ಸ್ಮಿತ್ ಓಡುತ್ತಲೇ ಇದ್ದಿದ್ದರೆ ಮನೆ ಸೇರುತ್ತಿದ್ದ, ಒಂದು ರನ್ ಬರುತ್ತಿತ್ತು. ಆದರೆ ಹೊಡೆತ ಬಿದ್ದಾಗ ಅವನು ಹಿಂತಿರುಗಿ ನೋಡಿರಲಿಲ್ಲ. ಅದೇ ಗಳಿಗೆಯಲ್ಲಿ ಟ್ವಿನ್ಸ್‌ನ ಚಕ್ ನಾಬ್ಲಾಕ್ ಅನ್ನುವ ಹೊಸ ಹುಡುಗ, ಇಲ್ಲದ ಚೆಂಡನ್ನು ನೆಲದಿಂದ ಬಾಚಿದ ಹಾಗೆ ಬಗ್ಗಿ, ಪಕ್ಕದ ಗ್ರೆಗ್ ಗ್ಯಾಗ್ನಿಗೆ ಎಸೆದ ಹಾಗೆ ಮಾಡಿದ. ಗ್ಯಾಗ್ನಿ ಇಲ್ಲದ ಚೆಂಡನ್ನು ಹಿಡಿಯಲು ಬಂದವನ ಹಾಗೆ ಬೇಸಿನ ಬಳಿ ಬಂದ. ಸ್ಮಿತ್ ಎರಡನೇ ಬೇಸ್ ದಾಟಿ ತಡೆದು ನಿಂತ. ಅತ್ತ ಇತ್ತ ನೋಡಿದ. ಚೆಂಡು ಕಂಡ ಮೇಲೆ ಓಡಿದ. ಅಷ್ಟರಲ್ಲಿ ಚೆಂಡು ಒಳಕ್ಕೆ ಬರುತ್ತಿತ್ತು, ಮೂರನೇ ಬೇಸಿನಲ್ಲಿ ನಿಲ್ಲಬೇಕಾಯಿತು.

ಕತೆ ಹೇಳುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಾವು ನಿಲ್ಲಿಸುವುದಿಲ್ಲ. ಈಗ ಮೈದಾನದಲ್ಲಿ ಏನಿದೆ ನೋಡಿ. ಸ್ಮಿತ್ ಮೂರನೇ ಬೇಸಿನಲ್ಲಿ, ಪೆಂಡಲ್ಟನ್ ಎರಡನೇ ಬೇಸಿನಲ್ಲಿ. ಒಬ್ಬನೂ ಔಟಾಗಿಲ್ಲ. ಗೆಲ್ಲಲು ಬೇಕಾದ್ದು ಒಂದು ರನ್. ಚೆಂಡನ್ನು ದೂರಕ್ಕೆ ಎತ್ತಿ ಹೊಡೆದು ಔಟಾದರೂ ಸ್ಮಿತ್ ಮನೆ ಸೇರಬಹುದಿತ್ತು. ಗ್ಯಾಂಟ್ ಬಂದ, ಮೆತ್ತಗೆ ನೆಲದ ಮೇಲೆ ಹೊಡೆದು ಔಟಾದ. ಸ್ಮಿತ್ ನಿಂತಲ್ಲೇ ನಿಂತ. ಡೇವಿಡ್ ಜಸ್ಟಿಸ್ ಬಂದ. ಅವನಿಗೆ ಹೊಡೆಯಲು ಚೆಂಡೇ ಕೊಡದೆ ಬೇಕೆಂದೇ ಆಚೆ ಎಸೆದು ಮೊದಲ ಬೇಸಿಗೆ ಕಳಿಸಿದರು, ಆಟದಲ್ಲಿ ಅದಕ್ಕೂ ಅವಕಾಶ ಇದೆ. ಮೂರು ಬೇಸೂ ತುಂಬಿದವು. ಮೊಣಕಾಲು ನೋವಿನ ಸಿಡ್ ಬ್ರೀಮ್ ಬಂದ. ಅವನು ಹೊಡೆದದ್ದು ನೇರ ಕೆಂಟ್ ಹರ್ಬೆಕ್‌ನ ಕೈಗೆ. ಹರ್ಬೆಕ್ ಚೆಂಡನ್ನು ಮನೆಗೆ ಎಸೆದ, ಸ್ಮಿತ್ ಔಟು. ಹಾರ್ಪರ್ ಅದನ್ನೇ ಹರ್ಬೆಕ್‌ಗೆ ತಿರುಗಿ ಎಸೆದ, ಬ್ರೀಮ್ ಔಟು. ಒಂದೇ ಹೊಡೆತಕ್ಕೆ ಇಬ್ಬರು. ಪಾಳಿ ಮುಗಿಯಿತು, ರನ್ನು ಸೊನ್ನೆ.

ಹಾಗಂತ ಟ್ವಿನ್ಸ್‌ನವರು ಮಹಾ ಬುದ್ಧಿವಂತರಾಗಿ ಆಡಿದರಾ? ಅದೂ ಇಲ್ಲ. ಅದೇ ಎಂಟನೇ ಪಾಳಿಯಲ್ಲಿ ಅವರಿಗೂ ಮೂರು ಬೇಸು ತುಂಬಿದ್ದವು, ಒಬ್ಬನೇ ಔಟು. ಅದೇ ಹರ್ಬೆಕ್ ಹೊಡೆದದ್ದು ನೇರ ಲೆಮ್ಕಿಯ ಕೈಗೆ ಹೋಯಿತು. ಲೆಮ್ಕಿ ಹಿಡಿದು, ಓಟಗಾರ ವಾಪಸಾಗುವ ಮೊದಲು ಎರಡನೇ ಬೇಸ್ ಮೆಟ್ಟಿದ. ಇಬ್ಬರು ಔಟು. ಒಂಬತ್ತನೇ ಪಾಳಿಯಲ್ಲಿ ಮೊದಲ ಇಬ್ಬರೂ ಬೇಸ್ ಸೇರಿದ್ದರು, ಅಲ್ಲೂ ಒಂದೇ ಹೊಡೆತಕ್ಕೆ ಇಬ್ಬರು ಔಟಾಗಿ ಕೈ ಚೆಲ್ಲಿದರು. ಒಂಬತ್ತು ಪಾಳಿ ಮುಗಿದರೂ ಸೊನ್ನೆ, ಸೊನ್ನೆ. ಮ್ಯಾನೇಜರ್ ಟಾಮ್ ಕೆಲ್ಲಿ ಮಾರಿಸ್‌ನನ್ನು ಬದಲಾಯಿಸಲು ಹೊರಟಿದ್ದ. ಮಾರಿಸ್ ಇಳಿಯಲು ಒಪ್ಪಲಿಲ್ಲ, ಹತ್ತನೇ ಪಾಳಿಯನ್ನೂ ತಾನೇ ಎಸೆದ. ಒಟ್ಟು 126 ಎಸೆತ. ಕೊನೆಗೆ ಟ್ವಿನ್ಸ್‌ನ ಡ್ಯಾನ್ ಗ್ಲ್ಯಾಡನ್ ಹೊಡೆದಾಗ ಬ್ಯಾಟೇ ಮುರಿಯಿತು. ಹಾಗಿದ್ದೂ ಚೆಂಡು ಖಾಲಿ ಜಾಗದಲ್ಲಿ ಬಿತ್ತು, ಅವನು ಎರಡನೇ ಬೇಸಿನವರೆಗೂ ಓಡಿದ. ನಾಬ್ಲಾಕ್ ಮೆಲ್ಲಗೆ ತಟ್ಟಿ ತಾನು ಔಟಾಗಿ ಅವನನ್ನು ಮೂರಕ್ಕೆ ಕಳಿಸಿದ. ಮುಂದಿನ ಇಬ್ಬರಿಗೆ ಬ್ರೇವ್ಸ್ ಬೇಕೆಂದೇ ಬೇಸ್ ಬಿಟ್ಟುಕೊಟ್ಟರು. ಬದಲಿಯಾಗಿ ಬಂದ ಜೀನ್ ಲಾರ್ಕಿನ್, ಒಳಕ್ಕೆ ಬಂದು ನಿಂತಿದ್ದ ಮೈದಾನದವರ ತಲೆ ಮೇಲೆ ಚೆಂಡು ಹಾರಿಸಿದ. ಗ್ಲ್ಯಾಡನ್ ಮನೆ ಸೇರಿದ. ಒಂದು ರನ್ನಿಗೆ ಸೊನ್ನೆ. ಆಟ ಮುಗಿಯಿತು.

ಮುಗಿದ ಮೇಲೆ ಲೆಕ್ಕ ಶುರುವಾಯಿತು. ಗೆದ್ದೆತ್ತಿನ ಬಾಲ ಹಿಡಿಯೋರಿಗೆ ಎಲ್ಲಾ ದೇಶದಲ್ಲೂ ಬರವಿಲ್ಲ. ಮಾರಿಸ್ ವೀರನಾದ. ಅದು ಸರಿಯೇ, ಅವನ ಎಸೆತವನ್ನು ನಾವೂ ಕಣ್ಣಾರೆ ನೋಡಿದ್ದೇವೆ. ಆದರೆ ಅವನನ್ನು ವೀರ ಅಂದಮೇಲೆ, ಅವನ ಎದುರು ಸೋತವರು ಅವನಿಗೆ ಸೋತರು ಅಂತ ತಾನೆ ಹೇಳಬೇಕು? ಹಾಗೆ ಹೇಳಲಿಲ್ಲ. ಹೊಗಳುವಾಗ ಮಾರಿಸ್ ಗೆಲ್ಲಿಸಿದ ಅಂದರು, ದೂರುವಾಗ ಸ್ಮಿತ್ ಸೋಲಿಸಿದ ಅಂದರು. ಒಂದೇ ರನ್ನನ್ನು ಎರಡು ಖಾತೆಗೆ ಬರೆದರು. ಎಂಟನೇ ಪಾಳಿಯ ಹರ್ಬೆಕ್‌ನ ಹೊಡೆತ ಯಾರಿಗೂ ನೆನಪಿಲ್ಲ, ಯಾಕಂದರೆ ಅವನ ತಂಡ ಗೆದ್ದಿತು. ಗೆದ್ದವರ ತಪ್ಪನ್ನು ಗೆಲುವೇ ತೊಳೆದುಬಿಡುತ್ತದೆ. ಸೋತವರ ತಪ್ಪು ಮಾತ್ರ ಕಲೆಯಾಗಿ ಉಳಿಯುತ್ತದೆ.

ಈಗ ಅಳತೆಗೆ ಬರೋಣ. ಸ್ಮಿತ್ ತಪ್ಪು ಮಾಡಲಿಲ್ಲವೆ? ಮಾಡಿದ. ಓಡುವವನು ಹೊಡೆತದ ಕಡೆ ಒಮ್ಮೆ ನೋಡಬೇಕು, ಅದು ಆಟದ ಮೊದಲ ಪಾಠ. ಅವನು ನೋಡಲಿಲ್ಲ. ಆ ತಪ್ಪಿನ ಬೆಲೆ ಎಷ್ಟು? ಒಂದು ಬೇಸ್. ನಾಲ್ಕರಲ್ಲಿ ಒಂದು. ಉಳಿದ ತೊಂಬತ್ತು ಅಡಿ ಅವನನ್ನು ಕರೆತರುವುದು ಹಿಂದೆ ಬಂದವರ ಕೆಲಸವಾಗಿತ್ತು. ಅವರನ್ನು ತಡೆಯುವುದು ಮಾರಿಸ್‌ನ ಕೆಲಸವಾಗಿತ್ತು. ಅವರು ಆಗಲಿಲ್ಲ, ಅವನು ಆದ. ಇದನ್ನೆಲ್ಲ ಕಳೆದು ಉಳಿದದ್ದು ಸ್ಮಿತ್‌ನ ಪಾಲು. ಬೇಸ್‌ಬಾಲಿನ ಅಂಕಪಟ್ಟಿಯಲ್ಲಿ ರನ್ನು, ಹೊಡೆತ ಆದ ಮೇಲೆ 'ಎರರ್' ಅಂತ, ಅಂದರೆ ತಪ್ಪು ಅಂತಲೇ, ಒಂದು ಕಲಮು ಇದೆ. ಆ ರಾತ್ರಿಯ ಪಟ್ಟಿಯಲ್ಲಿ ಎರಡೂ ತಂಡಗಳ ಮುಂದೆ ಆ ಕಲಮಿನಲ್ಲಿ ಇರುವುದು ಸೊನ್ನೆ. ಓಟಗಾರನ ತಡವರಿಕೆಯನ್ನು ಆ ಕಲಮಿಗೆ ಬರೆಯುವ ಪದ್ಧತಿಯೇ ಇಲ್ಲ. ಕಾಗದದ ಪ್ರಕಾರ ತಪ್ಪೇ ಇಲ್ಲ, ಜನರ ನೆನಪಿನ ಪ್ರಕಾರ ತಪ್ಪು ಬಿಟ್ಟರೆ ಬೇರೇನೂ ಇಲ್ಲ.

ಇನ್ನೊಂದು ತಕ್ಕಡಿ ಇಟ್ಟು ತೂಗಿ ನೋಡಿ. 1962ರ ಅಕ್ಟೋಬರ್ 16, ಸ್ಯಾನ್ ಫ್ರಾನ್ಸಿಸ್ಕೊ. ಅದೂ ಏಳನೇ ಪಂದ್ಯ, ಅದೂ ಒಂದಕ್ಕೆ ಸೊನ್ನೆ. ನ್ಯೂಯಾರ್ಕ್ ಯಾಂಕೀಸ್ ಒಂದು ರನ್ ಮುಂದಿದ್ದಾರೆ. ಜಯಂಟ್ಸ್ ತಂಡದ ಕೊನೆಯ ಪಾಳಿ, ಇಬ್ಬರು ಔಟು. ಡೊಮಿನಿಕನ್ ಗಣರಾಜ್ಯದ ಮ್ಯಾಟಿ ಅಲೂ ಮೊದಲ ಬೇಸಿನಲ್ಲಿ. ವಿಲ್ಲಿ ಮೇಸ್ ಬಲಗಡೆಗೆ ಹೊಡೆದ. ಮಳೆಯಿಂದ ನೆನೆದ ಹುಲ್ಲಿನಲ್ಲಿ ಚೆಂಡಿನ ಓಟ ತಗ್ಗಿತು, ಯಾಂಕೀಸ್‌ನ ರಾಜರ್ ಮಾರಿಸ್ ಬೇಗ ಎತ್ತಿ ಎಸೆದ. ಅಲೂನನ್ನು ಮೂರನೇ ಬೇಸಿನಲ್ಲಿ ತಡೆದು ನಿಲ್ಲಿಸಿದರು. ಮುಂದೆ ಬಂದ ವಿಲ್ಲಿ ಮೆಕೋವಿ ಬೆಂಕಿಯಂತೆ ಹೊಡೆದ ಚೆಂಡು ನೇರ ಬಾಬಿ ರಿಚರ್ಡ್‌ಸನ್‌ನ ಕೈಗೆ ಬಿತ್ತು. ಜಯಂಟ್ಸ್ ಸೋತರು. ಅಲ್ಲೂ ಒಬ್ಬ ಮೂರನೇ ಬೇಸಿನಲ್ಲಿ ನಿಂತೇ ಉಳಿದ. ಆದರೆ ಯಾರೂ ಅಲೂನನ್ನು ದಡ್ಡ ಅನ್ನಲಿಲ್ಲ. ಅವನನ್ನು ನಿಲ್ಲಿಸಿದ್ದು ತರಬೇತುದಾರ, ಸ್ಮಿತ್ ನಿಂತದ್ದು ತಾನಾಗಿ, ಆ ವ್ಯತ್ಯಾಸ ಇದೆ, ಒಪ್ಪೋಣ. ಆದರೂ ಫಲ ಒಂದೇ ತಾನೆ? ಒಂದು ರನ್ನಿನ ಸೋಲು, ಮೂರನೇ ಬೇಸಿನಲ್ಲಿ ಒಬ್ಬ ಮನುಷ್ಯ. ಒಂದನ್ನು ದುರದೃಷ್ಟ ಅಂದರು, ಇನ್ನೊಂದನ್ನು ಅಪರಾಧ ಅಂದರು.

ಇನ್ನು ಆ ನಾಟಕದ ಮಾತು. ನಾಬ್ಲಾಕ್ ಇಲ್ಲದ ಚೆಂಡನ್ನು ಎಸೆದದ್ದು ಜಾಣತನ ಅಂತ ಇವತ್ತಿಗೂ ಹೊಗಳುತ್ತಾರೆ. ಆಟದ ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ, ನಾವು ಅವನನ್ನು ದೂರುತ್ತಿಲ್ಲ. ಸ್ಮಿತ್ ಆಮೇಲೆ ಹೇಳಿದ್ದೇ ಬೇರೆ. ತಾನು ಆ ನಾಟಕಕ್ಕೆ ಬೆಪ್ಪಾಗಲಿಲ್ಲ, ಚೆಂಡು ಎಲ್ಲಿ ಹೋಯಿತೆಂದು ಕಾಣಲಿಲ್ಲ, ಹಿಡಿದುಬಿಟ್ಟರೆ ವಾಪಸು ಓಡಬೇಕಾಗುತ್ತದೆ ಅಂತ ನಿಂತೆ ಅಂದ. ಇದು ತಕ್ಕ ಮಾತು. ಚೆಂಡು ನೆಲಕ್ಕೆ ಬೀಳದೆ ಹಿಡಿತವಾದರೆ ಓಟಗಾರ ತನ್ನ ಬೇಸಿಗೆ ಹಿಂದಿರುಗಲೇಬೇಕು. ಆದರೆ ಸ್ಮಿತ್‌ನ ಮಾತನ್ನು ಕೇಳುವವರು ಕಡಮೆ. ಮೋಸ ಹೋದವನು ಅನ್ನುವ ಕತೆಗೆ ರುಚಿ ಜಾಸ್ತಿ. ನಮಗೆ ಇದು ಚೆನ್ನಾಗಿ ಗೊತ್ತು. ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಂಡವನಿಗೆ ಊರು ಚಾಣಾಕ್ಷ ಅನ್ನುತ್ತದೆ, ಒತ್ತಿದವನಿಗೆ ಪೆದ್ದ ಅನ್ನುತ್ತದೆ. ನಮ್ಮ ಅಜ್ಜಂದಿರು ಪೆದ್ದರು ಅಂತಲೇ ನಾವು ಕೇಳಿಕೊಂಡು ಬೆಳೆದದ್ದು. ಅವರಿಗೆ ಅಕ್ಷರವನ್ನು ಕಾಣದ ಹಾಗೆ ಮಾಡಿದವರು ಯಾರು ಅಂತ ಯಾರೂ ಕೇಳಲಿಲ್ಲ.

ಹಾಗಾದರೆ ಸ್ಮಿತ್ ಕರಿಯನಾದ್ದರಿಂದಲೇ ದೂರಿದರೆ? ಹಾಗೆ ಹೇಳಿದರೆ ನಮ್ಮ ಪತ್ರಿಕೆಯ ಓದುಗರಿಗೆ ಹಿತವಾದೀತು. ಆದರೆ ಅದು ಸತ್ಯವಲ್ಲ. ಪೆಂಡಲ್ಟನ್, ಗ್ಯಾಂಟ್, ಜಸ್ಟಿಸ್ ಎಲ್ಲರೂ ಕರಿಯರೇ. ಐದು ವರ್ಷ ಹಿಂದೆ, 1986ರ ಅಕ್ಟೋಬರ್ 25ರಂದು, ಬಾಸ್ಟನ್ ತಂಡದ ಬಿಲ್ ಬಕ್ನರ್ ಅನ್ನುವ ಬಿಳಿಯನ ಕಾಲ ಸಂದಿಯಲ್ಲಿ ಚೆಂಡು ನುಸುಳಿ ಹೋಗಿ ಆರನೇ ಪಂದ್ಯ ಸೋತಿತು. ಆ ಚೆಂಡು ನುಸುಳುವ ಮೊದಲೇ ಎರಡು ರನ್ನಿನ ಮುನ್ನಡೆಯನ್ನು ಅವನ ತಂಡದ ಪಿಚರುಗಳು ಕಳೆದಾಗಿತ್ತು. ಆಮೇಲೆ ಏಳನೇ ಪಂದ್ಯ ಒಂದು ಬಾಕಿ ಇತ್ತು, ಅದರಲ್ಲೂ ಮೂರು ರನ್ ಮುಂದಿದ್ದು ಸೋತರು. ಆದರೂ ಬಕ್ನರ್ ಬೆದರಿಕೆ ಕೇಳಿ, ಊರು ಬಿಟ್ಟು, ದೂರದ ಐಡಹೋದಲ್ಲಿ ಬದುಕಬೇಕಾಯಿತು. ಒಬ್ಬನನ್ನು ಹುಡುಕಿ ಕಲ್ಲು ಹೊರಿಸುವ ಚಾಳಿಗೆ ಬಣ್ಣದ ಭೇದವಿಲ್ಲ.

ಭೇದ ಇರುವುದು ಇನ್ನೊಂದು ಕಡೆ. ಬಕ್ನರ್‌ನ ತಪ್ಪು ಬಕ್ನರ್‌ನದಾಗಿಯೇ ಉಳಿಯಿತು, ಬಿಳಿಯರ ಕಾಲು ಸಂದಿ ಅಗಲ ಅಂತ ಯಾರೂ ಹೇಳಲಿಲ್ಲ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಮೈದಾನಕ್ಕೆ ಕಾಲಿಟ್ಟಾಗ ಹಾಗಿರಲಿಲ್ಲ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಆಡಿದ ಮೇಲೆ ದೊಡ್ಡ ಲೀಗುಗಳು ಕರಿಯರಿಗೆ ಬಾಗಿಲು ಮುಚ್ಚಿದ್ದವು. ಆ ಬಾಗಿಲನ್ನು ತೆರೆದು ಬಂದವನ ಮೇಲೆ ಒಂದು ಕರಾರು ಇತ್ತು, ಯಾರು ಏನೇ ಬೈದರೂ ತಿರುಗಿ ಬೀಳಬಾರದು. ಅವನು ಒಂದು ಚೆಂಡು ಬಿಟ್ಟರೆ ಒಂದು ಜನಾಂಗವೇ ಚೆಂಡು ಬಿಟ್ಟಂತೆ. ಅವನಿಗೆ ಆಡುವ ಹಕ್ಕು ಸಿಕ್ಕಿತ್ತು, ತಪ್ಪು ಮಾಡುವ ಹಕ್ಕು ಸಿಕ್ಕಿರಲಿಲ್ಲ.

ಈ ಎರಡನೇ ಹಕ್ಕು ಇಲ್ಲದ ಕಷ್ಟ ಏನೆಂದು ನಮಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಡಿಗ್ರಿ ಕಾಗದ ಬಂದದ್ದು ನಮ್ಮಿಂದಲೇ ಮೊದಲು. ನಮ್ಮ ಊರಿನ ಗೌಡರ ಮಗ ಪಿ.ಯು.ಸಿ.ಯಲ್ಲಿ ಮೂರು ಸಲ ಡುಮ್ಕಿ ಹೊಡೆದ. ಪಾಪ ಹುಡುಗನ ಗ್ರಹಚಾರ ಅಂದರು. ನಮ್ಮ ಚಿಕ್ಕಪ್ಪನ ಮಗ ಒಂದು ಸಲ ಫೇಲಾದ. 'ಅವರ ತಲೆಗೆ ಎಲ್ಲಿ ಹತ್ತುತ್ತೆ ಬಿಡ್ರಿ' ಅಂದರು. ಅವನ ಒಂದು ಸಬ್ಜೆಕ್ಟಿನ ಇಂಗ್ಲಿಷು ನಮ್ಮ ಇಡೀ ಕೇರಿಯ ತಲೆಯಾಯಿತು. ಅವನು ಆಮೇಲೆ ಪಾಸಾದ, ಆ ಮಾತನ್ನು ಯಾರೂ ವಾಪಸು ತಗೊಳ್ಳಲಿಲ್ಲ. ಸಮಾನತೆ ಬಂದಿದೆಯೇ ಇಲ್ಲವೇ ಅಂತ ನೋಡಬೇಕಾದರೆ ಯಾರು ಗೆದ್ದರು ಅಂತ ಎಣಿಸಿದರೆ ಸಾಲದು. ತಪ್ಪಿದಾಗ ಆ ತಪ್ಪು ಯಾರ ಹೆಸರಿಗೆ ಬರೆಯಲ್ಪಡುತ್ತದೆ ಅಂತಲೂ ನೋಡಬೇಕು.

ಇಲ್ಲಿಗೆ ಕರ್ಮದ ಮಾತು ಬಂತು. ಆ ನಾಟಕ ಆಡಿದ ನಾಬ್ಲಾಕ್, ಎಂಟು ವರ್ಷ ಕಳೆದು ಯಾಂಕೀಸ್ ತಂಡದಲ್ಲಿದ್ದಾಗ, ಹತ್ತಿರದ ಮೊದಲ ಬೇಸಿಗೆ ನೆಟ್ಟಗೆ ಚೆಂಡು ಎಸೆಯಲಾಗದೆ ಒದ್ದಾಡಿದ. ಇಲ್ಲದ ಚೆಂಡು ಎಸೆದವನಿಗೆ ಇರುವ ಚೆಂಡು ಕೈಕೊಟ್ಟಿತು, ಕರ್ಮ ಬಿಡುತ್ತಾ ಅಂತ ನಮ್ಮ ಗೆಳೆಯನೊಬ್ಬ ನಕ್ಕ. ಕೇಳೋಕೆ ಚೆನ್ನಾಗಿದೆ. ಆದರೆ ಗೆಳೆಯರೇ, ಇದೇ ಆ ಹಳೆಯ ಬಲೆ. ಅವನವನ ಫಲಕ್ಕೆ ಅವನವನೇ ಕಾರಣ ಅನ್ನುವ ಮಾತಿನಿಂದಲೇ ನಮ್ಮ ಹಿರಿಯರನ್ನು ಕೇರಿಯಲ್ಲಿ ಕಟ್ಟಿಹಾಕಿದ್ದು. ಹಿಂದಿನ ಜನ್ಮದ ಪಾಪ ಈ ಜನ್ಮದ ಬಡತನ ಅನ್ನುವ ಸಿದ್ಧಾಂತವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿರಸ್ಕರಿಸಿದ್ದು ಸುಮ್ಮನೆ ಅಲ್ಲ. ಸ್ಮಿತ್ ಸೋಲಿಸಿದ ಅನ್ನುವ ಮಾತು ಕರ್ಮ ಸಿದ್ಧಾಂತದ ತಮ್ಮನೇ. ಎರಡೂ ಮಾಡುವ ಕೆಲಸ ಒಂದೇ, ಸುತ್ತ ನಿಂತ ಹತ್ತು ಜನರನ್ನು ಚಿತ್ರದಿಂದ ಅಳಿಸಿ ಒಬ್ಬನನ್ನು ಉಳಿಸುವುದು. ಅದನ್ನು ಸ್ಮಿತ್‌ಗೆ ಅನ್ವಯಿಸಿದಾಗ ಬೇಡ ಅಂದವರು ನಾಬ್ಲಾಕ್‌ಗೆ ಅನ್ವಯಿಸಿದಾಗಲೂ ಬೇಡ ಅನ್ನಬೇಕು.

ಇದನ್ನು ಕೇಳಿ ಕೆಲವರು ಗಾದೆ ಹೇಳುತ್ತಾರೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎಲ್ಲಕ್ಕೂ ವ್ಯವಸ್ಥೆಯನ್ನು ದೂರಿ ನೀವು ನುಣುಚಿಕೊಳ್ತೀರಿ ಅಂತ. ಆ ಮಾತಿನಲ್ಲಿ ಹ್ರಸ್ವ ಸತ್ಯ ಇದೆ. ಸ್ಮಿತ್ ಹಿಂತಿರುಗಿ ನೋಡಬೇಕಿತ್ತು. ಅದನ್ನು ಅವನ ಮುಖಕ್ಕೇ ಹೇಳಬೇಕು, ಅವನ ತಂಡದವರೇ ಹೇಳಬೇಕು. ತಪ್ಪೇ ಇಲ್ಲ ಅನ್ನುವುದು ಅವನನ್ನು ಮಗು ಮಾಡಿದ ಹಾಗೆ, ಅದೂ ಒಂದು ಅವಮಾನವೇ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಆಗ ಕುಣಿಯುವವಳ ಹೆಜ್ಜೆಯನ್ನೂ ನೋಡಬೇಕು, ನೆಲಕ್ಕೆ ದಾರ ಹಿಡಿದೂ ನೋಡಬೇಕು. ಒಂದನ್ನು ನೋಡಿ ಇನ್ನೊಂದನ್ನು ಬಿಡೋದು ಅಳತೆಯಲ್ಲ.

ದಾರ ಹಿಡಿದರೆ ಆ ನೆಲದಲ್ಲಿ ಏನೇನು ಕಾಣುತ್ತದೆ ನೋಡಿ. 1991ರ ಆ ಸರಣಿ ನಡೆಯುವಾಗ ಮೆಟ್ರೋಡೋಮಿನ ಹೊರಗೆ ಆ ನೆಲದ ಮೂಲನಿವಾಸಿಗಳು ಪ್ರತಿಭಟನೆಗೆ ನಿಂತಿದ್ದರು. ಅವರ ಸಂಘಟನೆ, ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್, 1968ರಲ್ಲಿ ಹುಟ್ಟಿದ್ದು ಅದೇ ಮಿನಿಯಾಪೊಲಿಸ್‌ನಲ್ಲಿ. ಬ್ರೇವ್ಸ್ ಅನ್ನುವ ಹೆಸರು, ಅಭಿಮಾನಿಗಳು ಬೀಸುವ ಸ್ಪಂಜಿನ ಕೊಡಲಿ, ಕೂಗುವ ಹುಸಿ ಯುದ್ಧಗೀತೆ, ಇವು ತಮ್ಮನ್ನು ಬೊಂಬೆ ಮಾಡುತ್ತವೆ ಅಂತ ಅವರು ಹೇಳಿದರು. ಒಳಗೆ ಒಬ್ಬ ಎರಡು ಕ್ಷಣ ತಡವರಿಸಿದ್ದು ಇಡೀ ದೇಶಕ್ಕೆ ಕಂಡಿತು, ಹೊರಗಿನ ಕೂಗು ಬಹಳ ಜನಕ್ಕೆ ಕೇಳಿಸಲಿಲ್ಲ. 2021ರಲ್ಲಿ ಅಟ್ಲಾಂಟಾ ವರ್ಲ್ಡ್ ಸೀರೀಸ್ ಗೆದ್ದಾಗಲೂ ಆ ಕೊಡಲಿ ಬೀಸುವಿಕೆ ನಿಂತಿರಲಿಲ್ಲ.

ಗೆದ್ದವರ ನೆಲವೂ ನೆಟ್ಟಗಿಲ್ಲ. ವಾಷಿಂಗ್ಟನ್ನಿನಲ್ಲಿದ್ದ ತಂಡವನ್ನು 1961ರಲ್ಲಿ ಮಿನ್ನೆಸೋಟಾಕ್ಕೆ ತಂದು ಟ್ವಿನ್ಸ್ ಮಾಡಿದ ಮಾಲೀಕ ಕ್ಯಾಲ್ವಿನ್ ಗ್ರಿಫಿತ್. ಇಲ್ಲಿಗೆ ಬಂದದ್ದು ಇಲ್ಲಿ ಕರಿಯರು ಕಡಮೆ ಅನ್ನುವ ಕಾರಣಕ್ಕೆ ಅಂತ ಅವನು 1978ರಲ್ಲಿ ಒಂದು ಸಭೆಯಲ್ಲಿ ಬಾಯಿಬಿಟ್ಟು ಹೇಳಿದ. ಪತ್ರಿಕೆಯಲ್ಲಿ ಬಂತು, ಗಲಾಟೆಯಾಯಿತು. ಆ ತಂಡದ ಕಪ್ಪು ತಾರೆ ರಾಡ್ ಕರೂ ಮರುವರ್ಷ ಬೇರೆ ತಂಡಕ್ಕೆ ಹೋದ. ಹಾಗಿದ್ದೂ 2010ರಲ್ಲಿ ಹೊಸ ಕ್ರೀಡಾಂಗಣದ ಬಳಿ ಗ್ರಿಫಿತ್‌ನ ಪ್ರತಿಮೆ ನಿಲ್ಲಿಸಿದರು. ಅದನ್ನು ಕೆಳಗಿಳಿಸಿದ್ದು 2020ರಲ್ಲಿ, ಅದೇ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್‌ನನ್ನು ಪೊಲೀಸಿನವನು ಕೊಂದ ಮೇಲೆ. ಬೇಸ್ ತಪ್ಪಿದವನಿಗೆ ಅದೇ ರಾತ್ರಿ ತೀರ್ಪು. ಮನುಷ್ಯತ್ವ ತಪ್ಪಿದವನಿಗೆ ಮೊದಲು ಪ್ರತಿಮೆ, ಆಮೇಲೆ ಯಾವತ್ತೋ ತೀರ್ಪು.

ಬೇರೆಯವರ ಅಂಗಳ ಗುಡಿಸಿದ್ದಾಯಿತು, ನಮ್ಮದಕ್ಕೂ ಬರೋಣ. ಹೈಸ್ಕೂಲಿನಲ್ಲಿದ್ದಾಗ ನಮ್ಮ ಹಾಸ್ಟೆಲ್ ತಂಡ ಕಬಡ್ಡಿ ಫೈನಲ್ಲನ್ನು ಒಂದು ಪಾಯಿಂಟಿನಲ್ಲಿ ಸೋತಿತು. ಕೊನೆಯ ರೈಡಿಗೆ ಹೋದ ಹುಡುಗ ಬರುವಾಗ ಗೆರೆ ಮೆಟ್ಟಿದ. ವಾಪಸು ಬರುವ ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ನಾವೂ ಕೂರಲಿಲ್ಲ. ಮೊದಲರ್ಧದಲ್ಲಿ ಎರಡು ಸಲ ಎದುರಾಳಿಯ ಕಾಲು ಹಿಡಿದು ಕೈ ಬಿಟ್ಟದ್ದು ನಾವೇ. ಅದು ನಮಗೆ ಗೊತ್ತಿತ್ತು, ಹೇಳಲಿಲ್ಲ. ಆ ಹುಡುಗ ಮರುವರ್ಷ ತಂಡಕ್ಕೆ ಬರಲಿಲ್ಲ. ಅವನಿಗಿಂತ ಚೆನ್ನಾಗಿ ಉಸಿರು ಕಟ್ಟುವವರು ನಮ್ಮಲ್ಲಿ ಇರಲಿಲ್ಲ. ಇವತ್ತು ನಮ್ಮ ಸಂಘಟನೆಗಳಲ್ಲಿ ನಡೆಯುತ್ತಿರುವುದೂ ಇದೇ ಅಲ್ಲವಾ? ಒಂದು ಹೋರಾಟ ಬಿದ್ದರೆ ಅದನ್ನು ಬೀಳಿಸಿದವನ ಹೆಸರು ನಮ್ಮ ಬಳಿ ಸಿದ್ಧವಿರುತ್ತದೆ. ಸಭೆಗೆ ಬಾರದವರು, ಕರಪತ್ರ ಹಂಚದವರು, ಮಾತಾಡಬೇಕಾದ ಕಡೆ ಸುಮ್ಮನಿದ್ದವರು, ಕೊನೆಗಳಿಗೆಯಲ್ಲಿ ರಾಜಿ ಮಾಡಿಕೊಂಡವರು, ಈ ಯಾರ ಪಾಲೂ ಲೆಕ್ಕಕ್ಕೆ ಬರುವುದಿಲ್ಲ. ಎದುರಿಗಿದ್ದವನ ಬಲ ಎಷ್ಟಿತ್ತು ಅನ್ನೋದಂತೂ ಕೇಳುವುದೇ ಇಲ್ಲ. ಕಲ್ಲು ಹೊತ್ತವನು ಮನೆಗೆ ಹೋಗುತ್ತಾನೆ, ಮುಂದಿನ ಸಲ ಓಡುವುದಕ್ಕೆ ಒಬ್ಬ ಕಡಮೆಯಾಗುತ್ತಾನೆ.

ಸ್ಮಿತ್ ಮನೆಗೆ ಹೋಗಲಿಲ್ಲ. ಅವನ ತಂಡ ಅವನನ್ನು ಉಳಿಸಿಕೊಂಡಿತು. ಆ ಏಳನೇ ಪಂದ್ಯಕ್ಕೆ ಮೊದಲು ಅದೇ ಸರಣಿಯ ಮೂರು, ನಾಲ್ಕು, ಐದನೇ ಪಂದ್ಯಗಳಲ್ಲಿ ದಿನಕ್ಕೊಂದರಂತೆ ಮೂರು ಹೋಂ ರನ್ ಹೊಡೆದಿದ್ದವನೂ ಇವನೇ, ಆ ಮೂರೂ ಪಂದ್ಯ ಬ್ರೇವ್ಸ್ ಗೆದ್ದಿತ್ತು. ಮರುವರ್ಷ, 1992ರ ಅಕ್ಟೋಬರ್ 22ರಂದು, ಬ್ರೇವ್ಸ್ ಮತ್ತೆ ವರ್ಲ್ಡ್ ಸೀರೀಸಿನಲ್ಲಿ. ಈ ಸಲ ಎದುರಿಗೆ ಕೆನಡಾದ ಟೊರಾಂಟೊ ತಂಡ, ಐದನೇ ಪಂದ್ಯ. ದಿಬ್ಬದ ಮೇಲೆ ಅದೇ ಜ್ಯಾಕ್ ಮಾರಿಸ್, ಅವನು ಈಗ ಟೊರಾಂಟೊ ಕಡೆ. ಮೂರೂ ಬೇಸು ತುಂಬಿದ್ದವು. ಹೊಡೆಯಲು ಬಂದವನು ಲಾನಿ ಸ್ಮಿತ್. ಚೆಂಡು ಬೇಲಿಯಾಚೆ ಹೋಯಿತು. ನಾಲ್ವರೂ ಮನೆ ಸೇರಿದರು, ಬ್ರೇವ್ಸ್ ಆ ಪಂದ್ಯ ಗೆದ್ದಿತು.

ಆ ಸರಣಿಯನ್ನು ಬ್ರೇವ್ಸ್ ಆರನೇ ಪಂದ್ಯದಲ್ಲಿ ಸೋತಿತು, ಅದೂ ನಿಜ. ಆದ್ದರಿಂದ ಆ ಹೊಡೆತವನ್ನು ನೆನೆಯುವವರು ಕಡಮೆ. ನಾವು ನೆನೆಯುತ್ತೇವೆ. ಆ ಕಬಡ್ಡಿ ಹುಡುಗ ಈಗ ಪಕ್ಕದ ತಾಲ್ಲೂಕಿನಲ್ಲಿ ಮೇಷ್ಟ್ರಾಗಿದ್ದಾನೆ, ಈ ಪತ್ರಿಕೆ ಅವನ ಶಾಲೆಗೂ ಹೋಗುತ್ತದೆ. ಮೊದಲರ್ಧದಲ್ಲಿ ಕಾಲು ಬಿಟ್ಟವರು ನಾವು ಕಣಪ್ಪ. ಅವತ್ತು ಬಸ್ಸಿನಲ್ಲಿ ಹೇಳಬೇಕಾಗಿತ್ತು, ಇವತ್ತು ಹೇಳುತ್ತಿದ್ದೇವೆ.